ಕ್ಯಾಂಪ್‌ಫೈರ್ ಬಿಡಿಸಿದರೆ ಕಮಲದ ಹೂವಿನ ಹಾಗೆ ಕಾಣುತ್ತದೆ, ಎಲ್ಲಿ ತಪ್ಪುತ್ತಿದೆ?

ನೀವು ಕೇಳಿದ್ದು ಇಷ್ಟು: ಚಿತ್ರ ಬಿಡಿಸಲು ಈಗಷ್ಟೇ ಶುರು ಮಾಡಿದ್ದೀರಿ, ಕೈಯಲ್ಲಿರುವುದು ಮಕ್ಕಳ ಮೇಣದ ಕ್ರೇಯಾನ್, ಒಂದು ವಾಟರ್ ಕಲರ್ ಡಬ್ಬಿ. ಕಾರವಾರದ ಕಡಲತೀರದಲ್ಲಿ ರಾತ್ರಿ ಹಾಕಿದ ಕ್ಯಾಂಪ್‌ಫೈರ್ ಬಿಡಿಸಬೇಕು, ಆದರೆ ಬೆಂಕಿ ಹೂವಿನಂತೆ ಆಗುತ್ತಿದೆ, ಉರಿಯುತ್ತಿರುವಂತೆ ಕಾಣುವುದಿಲ್ಲ.

ಉರಿಯದಿರಲು ಮುಖ್ಯ ಕಾರಣ ಜ್ವಾಲೆಯಲ್ಲಿಲ್ಲ, ಅದರ ಸುತ್ತ ಇದೆ. ಬಿಳಿ ಹಾಳೆಯ ಮೇಲೆ ಹಳದಿ ಎಷ್ಟು ತಿಕ್ಕಿದರೂ ಹೊಳೆಯದು, ಪಕ್ಕದ ಹಾಳೆಯೇ ಅದಕ್ಕಿಂತ ಬೆಳ್ಳಗಿರುತ್ತದಲ್ಲ. ಸುತ್ತ ಕತ್ತಲೆ ತುಂಬಿ, ಕಲ್ಲು, ಮರ, ಮನುಷ್ಯರ ಬೆಂಕಿ ಕಡೆಯ ಬದಿಗೆ ಮಾತ್ರ ಬೆಳಕು ಕೊಟ್ಟರೆ ಸಾಧಾರಣ ಜ್ವಾಲೆಯೂ ಧಗಧಗಿಸುತ್ತದೆ. ಹತ್ತು ನಿಮಿಷ ಬೆಂಕಿಗೆ ಕೊಟ್ಟರೆ ಅರ್ಧ ಗಂಟೆ ಕತ್ತಲೆಗೆ ಕೊಡಿ.

ಎ4 ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿಕೊಂಡು, ಕೆಳ ಅಂಚಿನಿಂದ ನಾಲ್ಕು ಬೆರಳು ಮೇಲೆ ಒಂದು ಚಪ್ಪಟೆ ಅಂಡಾಕಾರ ಎಳೆಯಿರಿ. ಅಗಲ 10 ಸೆಂ.ಮೀ., ಎತ್ತರ 3 ಸೆಂ.ಮೀ. ಇದು ಬೆಂಕಿ ಕೂರುವ ನೆಲ. ಇದನ್ನು ಬಿಟ್ಟು ನೇರ ಕಟ್ಟಿಗೆಯಿಂದ ಶುರು ಮಾಡಿದರೆ ಬೆಂಕಿ ಗಾಳಿಯಲ್ಲಿ ತೇಲುತ್ತದೆ. ಎಚ್‌ಬಿ ಪೆನ್ಸಿಲ್ ಒತ್ತಬೇಡಿ, ಒತ್ತಿದ ಗೆರೆ ಹಾಳೆಯಲ್ಲಿ ತಗ್ಗು ಮಾಡುತ್ತದೆ, ಆ ತಗ್ಗಿಗೆ ಮೇಣ ಇಳಿಯುವುದಿಲ್ಲ.

ಕಟ್ಟಿಗೆ ಮೂರು ಸಾಕು. ಎದುರಿನದನ್ನು ಮೊದಲು ಬಿಡಿಸಿ: 7 ಸೆಂ.ಮೀ. ಉದ್ದದ ಎರಡು ಗೆರೆ, ನಡುವೆ ಒಂದೂವರೆ ಸೆಂ.ಮೀ., ನಮ್ಮ ಕಡೆಯ ತುದಿಗೊಂದು ಸಣ್ಣ ಅಂಡಾಕಾರ. ಆ ಅಂಡಾಕಾರದ ಉದ್ದ ಕಟ್ಟಿಗೆಗೆ ಅಡ್ಡಡ್ಡವಾಗಿ ಇರಬೇಕು. ತಿರುಗಿಸಿಟ್ಟರೆ ಕಟ್ಟಿಗೆಯನ್ನು ಓರೆಯಾಗಿ ಕಡಿದಂತೆ ಕಾಣುತ್ತದೆ. ಎರಡನೆಯದರ ಗೆರೆ ಮೊದಲನೆಯದರ ಅಂಚಿಗೆ ಬಂದು ನಿಲ್ಲಲಿ, ಆಚೆ ಬದಿಯಿಂದ ಮತ್ತೆ ಮುಂದುವರಿಯಲಿ. ಮೂರನೆಯದರ ತುದಿ ಹಿಂದಿನಿಂದ ಇಣುಕಿದರೆ ಆಯಿತು.

ಹೂವಾಗುವುದು ಮುಂದಿನ ಹಂತದಲ್ಲಿ. ಬೆಂಕಿಗೆ ಐದು ನಾಲಿಗೆ, ಎಲ್ಲ ಒಂದೇ ಎತ್ತರ, ಎಡಬಲ ಸಮ, ಎಲ್ಲವೂ ಕಟ್ಟಿಗೆಯ ಹಿಂದಿನಿಂದ ಎದ್ದಿರುವುದು: ಇದೇ ಕಮಲ. ಮೂರೇ ನಾಲಿಗೆ ಇಟ್ಟುಕೊಳ್ಳಿ. ದೊಡ್ಡದು 12 ಸೆಂ.ಮೀ., ಅದೂ ನಟ್ಟನಡುವೆ ಬೇಡ, ತುಸು ಎಡಕ್ಕೋ ಬಲಕ್ಕೋ ಸರಿಯಲಿ. ಇನ್ನೊಂದು 8, ಮತ್ತೊಂದು 5. ನಾಲಿಗೆಯ ಒಂದು ಬದಿ ಹಾವು ಹರಿದಂತೆ ಎರಡು ಸಲ ಬಳುಕಲಿ, ಇನ್ನೊಂದು ಬದಿಗೆ ಒಂದೇ ಬಾಗು. ಎರಡು ನಾಲಿಗೆ ಕೂಡುವ ಸಂದುಗಳಲ್ಲಿ ಒಂದು ಆಳ, ಒಂದು ಮೇಲೆ. ಚಿಕ್ಕ ನಾಲಿಗೆಯನ್ನು ಎದುರಿನ ಕಟ್ಟಿಗೆಯ ಮುಂದಕ್ಕೆ ತಂದು, ಅದು ಮುಚ್ಚುವಷ್ಟು ಕಟ್ಟಿಗೆಯ ಗೆರೆ ಅಳಿಸಿ. ಬೆಂಕಿ ಕಟ್ಟಿಗೆಯ ಒಳಗಿನಿಂದ ಬಂದಂತೆ ಕಾಣುವುದು ಇದೊಂದರಿಂದಲೇ. ಕೈ ಹಿಡಿತಕ್ಕೆ ಬರುವವರೆಗೆ ದೊಂದಿಯ ಒಂಟಿ ಜ್ವಾಲೆಯನ್ನು ಒಂದು ಪುಟದ ತುಂಬ ಇಪ್ಪತ್ತು ಸಲ ಬಿಡಿಸಿ ನೋಡಿ.

ಕಡಲತೀರದ ಬೆಂಕಿ ನೆಟ್ಟಗೆ ನಿಲ್ಲುವುದಿಲ್ಲ, ನಾಲಿಗೆಗಳೆಲ್ಲ ಒಂದೇ ಕಡೆ ವಾಲಬೇಕು. ಹಗಲು ಮತ್ತು ಸಂಜೆ ಗಾಳಿ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಹೊತ್ತು ಏರಿದಂತೆ ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ. ನಿಮ್ಮ ಚಿತ್ರ ನಡುರಾತ್ರಿಯದಾದರೆ ಜ್ವಾಲೆ, ಹೊಗೆ, ಕಿಡಿ ಮೂರೂ ನೀರಿನ ಕಡೆಗೆ ವಾಲಲಿ. ಮೂರರಲ್ಲಿ ಒಂದು ಬೇರೆ ಕಡೆ ಹೋದರೂ ಕಣ್ಣಿಗೆ ಕಿರಿಕಿರಿ.

ನಿಮ್ಮಲ್ಲಿರುವ ಸಾಮಾನಿಗೆ ಅತ್ಯಂತ ಒಳ್ಳೆಯ ವಿಧಾನ ಮೇಣದ ಮೇಲೆ ನೀರುಬಣ್ಣ. ಮೇಣ ನೀರನ್ನು ದೂಡುತ್ತದೆ, ಹಾಗಾಗಿ ಇಡೀ ಹಾಳೆಗೆ ಕತ್ತಲೆ ಬಳಿದರೂ ಬೆಂಕಿ ಉಳಿಯುತ್ತದೆ. ಜ್ವಾಲೆಯ ಬುಡದಲ್ಲಿ, ಕಟ್ಟಿಗೆಗೆ ಹತ್ತಿರ, ಬಿಳಿ ಕ್ರೇಯಾನ್. ಅದರ ಸುತ್ತ ಹಳದಿ, ಆಮೇಲೆ ಕಿತ್ತಳೆ, ಹೊರ ಅಂಚಿಗೆ ಮತ್ತು ತುದಿಗೆ ಮಾತ್ರ ಕೆಂಪು. ಈ ಕ್ರಮ ತಪ್ಪಿಸಬೇಡಿ. ಕೆಂಪು ಮೊದಲು ಬಂದರೆ ಹಳದಿ ಕ್ರೇಯಾನಿನ ಮೊನೆಗೆ ಕೆಂಪು ಅಂಟಿಕೊಂಡು ಒಳಗೆಲ್ಲ ಕೊಳೆಯಾಗುತ್ತದೆ, ಅದನ್ನು ಮತ್ತೆ ತಿಳಿಯಾಗಿಸಲು ಆಗದು. ಪ್ರತಿ ಸಲ ಮೊನೆಯನ್ನು ಬಟ್ಟೆಯಲ್ಲಿ ಒರೆಸಿ. ಜ್ವಾಲೆಯ ಸುತ್ತ ಕಪ್ಪು ಗೆರೆ ಖಂಡಿತ ಬೇಡ. ಬುಡದಲ್ಲಿ ನೀಲಿಯೂ ಬೇಡ, ಅದು ಗ್ಯಾಸ್ ಒಲೆಯ ಬಣ್ಣ. ಕಟ್ಟಿಗೆಯ ಜ್ವಾಲೆಯ ಹಳದಿ ಅದರೊಳಗೆ ಕಾದು ಹೊಳೆಯುವ ಮಸಿಯ ಕಣಗಳದ್ದು.

ಬಣ್ಣ ಬಳಿಯುವ ಮೊದಲು ಕಿತ್ತಳೆ ಕ್ರೇಯಾನನ್ನು ಅಡ್ಡ ಮಲಗಿಸಿ ಬೆಂಕಿಯ ಸುತ್ತ ಎರಡು ಬೆರಳಗಲ ತೆಳ್ಳಗೆ ಉಜ್ಜಿ, ಅದೇ ಆಮೇಲೆ ಪ್ರಭೆಯಾಗುತ್ತದೆ. ಕಿಡಿಗಳನ್ನೂ ಈಗಲೇ ಇಡಿ: ಜ್ವಾಲೆಯ ತುದಿಯ ಹತ್ತಿರ ಹತ್ತು ಹನ್ನೆರಡು, ಮೇಲೆ ಹೋದಂತೆ ಮೂರ್ನಾಲ್ಕು. ಕಿರುಗೆರೆ ಅಥವಾ ಚುಕ್ಕೆ, ನಕ್ಷತ್ರದ ಆಕಾರ ಬೇಡ. ನಂತರ ನೀಲಿಗೆ ಸ್ವಲ್ಪ ಕಪ್ಪು ಬೆರೆಸಿ, ಅಗಲ ಬ್ರಷ್‌ನಲ್ಲಿ ಮೇಲಿನಿಂದ ಕೆಳಗೆ ಒಂದೇ ಸಲ ಎಳೆಯಿರಿ. ಹಿಂದೆ ಮುಂದೆ ತಿಕ್ಕಿದರೆ ಮೇಣ ಏಳುತ್ತದೆ. ಬಣ್ಣ ಮಂದವಾಗಿದ್ದರೆ ಮೇಣವನ್ನೂ ಮುಚ್ಚಿಬಿಡುತ್ತದೆ, ತೀರಾ ನೀರಾದರೆ ಕತ್ತಲೆಯಾಗುವುದಿಲ್ಲ. ಮೊದಲು ಚೂರು ಹಾಳೆಯಲ್ಲಿ ನೋಡಿಕೊಳ್ಳಿ. ಜ್ವಾಲೆಯೊಳಗೆ ನೀಲಿ ಚುಕ್ಕೆ ಚುಕ್ಕೆಯಾಗಿ ನುಗ್ಗಿದರೆ ಕ್ರೇಯಾನ್ ಗಟ್ಟಿಯಾಗಿ ಒತ್ತಿಲ್ಲ ಎಂದರ್ಥ. ತೆಳು ಹಾಳೆ ನೀರಿಗೆ ಸುಕ್ಕಾಗುತ್ತದೆ, ದಪ್ಪ ಡ್ರಾಯಿಂಗ್ ಶೀಟ್ ತೆಗೆದುಕೊಂಡು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ.

ಸುತ್ತಲಿನ ಕಲ್ಲುಗಳನ್ನು ಮಣಿಸರದ ಹಾಗೆ ಪೋಣಿಸಬೇಡಿ. ದುಂಡು ಕಲ್ಲು ಕಷ್ಟವೆನಿಸಿದರೆ ಚಿರೆಕಲ್ಲಿನ ತುಂಡು ಬಿಡಿಸಿ, ಪೆಟ್ಟಿಗೆಯ ಆಕಾರ ಆದ್ದರಿಂದ ಬೆಳಕಿನ ಬದಿ, ಕತ್ತಲ ಬದಿ ಬೇರ್ಪಡಿಸುವುದು ಸುಲಭ. ಬೆಂಕಿಯ ಆಚೆಗಿರುವ ಕಲ್ಲುಗಳ ನಮ್ಮತ್ತ ಕಾಣುವ ಮುಖ ಕಿತ್ತಳೆ, ಈಚೆ ಬದಿಯವುಗಳ ಮುಖ ಪೂರ್ತಿ ಕಪ್ಪು, ಮೇಲಂಚಿಗೆ ಮಾತ್ರ ಒಂದು ಕೂದಲೆಳೆ ಬೆಳಕು. ನೆರಳುಗಳು ಗಾಡಿಚಕ್ರದ ಅರಗಳಂತೆ ಬೆಂಕಿಯಿಂದ ಹೊರಗೆ ಚಾಚಬೇಕು.

ಜನರನ್ನು ಬಿಡಿಸಲು ಹೆದರಬೇಡಿ. ನಮ್ಮ ಮತ್ತು ಬೆಂಕಿಯ ನಡುವೆ ಬೆನ್ನು ಹಾಕಿ ಕೂತವರು ಬರೀ ಕಪ್ಪು ಆಕಾರ, ಭುಜ ಮತ್ತು ಕಿವಿಯ ಅಂಚಿಗೆ ತೆಳು ಕಿತ್ತಳೆ. ಮುಖವೇ ಬೇಕಿಲ್ಲ. ಹಿಂದೆ ಎರಡು ಗಾಳಿಮರ, ಒಂದು ಮಗುಚಿಟ್ಟ ದೋಣಿ ಬಂದರೆ ಊರು ತಾನಾಗಿ ಗೊತ್ತಾಗುತ್ತದೆ. ಸೂರ್ಯಾಸ್ತ ಮಾತ್ರ ಬೇಡ, ಕೆಂಪು ಆಕಾಶ ಬೆಂಕಿಯ ಬೆಳಕನ್ನು ನುಂಗುತ್ತದೆ. ಬೆಂಕಿಯ ಹಿಂದಿನ ಸಮುದ್ರದಲ್ಲಿ ಅದರ ಪ್ರತಿಬಿಂಬ ಬಿಡಿಸುವುದೂ ತಪ್ಪು. ಬೆಂಕಿಗೂ ನಮಗೂ ನಡುವೆ ಒದ್ದೆ ಮರಳಿದ್ದರೆ ಅಲ್ಲಿ, ಜ್ವಾಲೆಯ ನೇರ ಕೆಳಗೆ, ಮುರಿದು ಮುರಿದು ಬರಬೇಕು.

ಇದು ಕೈಗೆ ಬಂದ ಮೇಲೆ ಘಟ್ಟದ ಮೇಲಿನದೊಂದು ಪ್ರಯತ್ನಿಸಿ: ಶಿರಸಿ ಕಡೆಯ ಚಳಿಗಾಲದ ಬೆಳಿಗ್ಗೆ, ಅಂಗಳದ ಮೂಲೆಯಲ್ಲಿ ಅಡಿಕೆ ಮರದ ಒಣ ಸೋಗೆಯ ಬೆಂಕಿ. ಇಲ್ಲಿ ಬೆಂಕಿ ಸಣ್ಣದು, ಹೊಗೆಯೇ ದೊಡ್ಡದು. ನೆಲದ ಹತ್ತಿರದ ತಣ್ಣನೆಯ ಗಾಳಿಯಲ್ಲಿ ಅದು ಮೇಲೇರದೆ ಅಡಿಕೆ ಮರಗಳ ನಡುವೆ ಅಡ್ಡ ಹರಡಿಕೊಳ್ಳುತ್ತದೆ. ಹತ್ತಿರದ ಮೂರು ಮರ ಗಾಢ, ಹಿಂದಿನವು ಮಂಜಿನಲ್ಲಿ ತೆಳು ಬೂದು. ಹೋಳಿಯ ಕಾಮದಹನವಾದರೆ ಅಳತೆಯೇ ಮುಖ್ಯ: ಜನ 2 ಸೆಂ.ಮೀ. ಇದ್ದರೆ ರಾಶಿ 4, ಜ್ವಾಲೆ 8. ಶಿರಸಿಯ ಬೇಡರ ವೇಷವನ್ನು (ಹೋಳಿಯ ಹೊತ್ತಿಗೆ ಬೇಡನ ವೇಷ ಕಟ್ಟಿ ಕುಣಿಯುವವನನ್ನು) ಪಕ್ಕ ನಿಲ್ಲಿಸುವ ಆಸೆಯಿದ್ದರೆ ಬೆನ್ನಿನ ನವಿಲುಗರಿ, ಕೈಯ ಕತ್ತಿ ಗುರಾಣಿ, ಹಿಂದಿನಿಂದ ಹಿಡಿದ ಹಗ್ಗ ಕಪ್ಪು ಆಕಾರದಲ್ಲಿ ಬಂದರೆ ನೋಡಿದವರು ಗುರುತು ಹಿಡಿಯುತ್ತಾರೆ.

ಬಣ್ಣವೇ ಬೇಡವೆಂದರೆ 4ಬಿ ಪೆನ್ಸಿಲನ್ನು ಮಲಗಿಸಿ ಹಾಳೆಗೆಲ್ಲ ಕಪ್ಪು ಹಚ್ಚಿ, ಹತ್ತಿಯಿಂದ ತೀಡಿ. ರಬ್ಬರಿನ ಮೂಲೆಯನ್ನು ಬ್ಲೇಡಿನಿಂದ ಚೂಪು ಮಾಡಿ, ಜ್ವಾಲೆಯನ್ನು ಬುಡದಿಂದ ಮೇಲಕ್ಕೆ ಅಳಿಸುತ್ತಾ ಬಿಡಿಸಿ. ಎರಡು ಎಳೆತಕ್ಕೊಮ್ಮೆ ರಬ್ಬರನ್ನು ಚೂರು ಹಾಳೆಗೆ ಉಜ್ಜಿ ಶುದ್ಧ ಮಾಡಿಕೊಳ್ಳದಿದ್ದರೆ ಅದು ಕಪ್ಪನ್ನೇ ಮತ್ತೆ ಬಳಿಯುತ್ತದೆ.