ಸೋತವರನ್ನು ಗೆಲ್ಲಿಸಬೇಡಿ

ನಮಸ್ಕಾರ.

ನೀವು ಕಳಿಸಿದ 'ಸೋಲಿಗೆ ಅಂಜದ ಬಾಕ್ಸರ್‌ಗಳು' ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹತ್ತು ಬಾಕ್ಸರ್‌ಗಳನ್ನು ಆರಿಸಿಕೊಂಡಿದ್ದೀರಿ. ಹೆಚ್ಚಿನವರ ಕಥೆ ಒಂದೇ ದಾರಿ ಹಿಡಿಯುತ್ತದೆ. ಸೋತರು, ಎದೆಗುಂದಲಿಲ್ಲ, ಮತ್ತೆ ಬಂದರು, ಗೆದ್ದರು. ಮೂರನೆಯವರ ಹೊತ್ತಿಗೆ ಮುಂದೇನಾಗುತ್ತದೆ ಅಂತ ಓದುಗರಿಗೆ ಗೊತ್ತಾಗಿಬಿಡುತ್ತದೆ. ನಿಮಗೆ ಸೋಲಿನ ಬಗ್ಗೆ ಬರೆಯುವ ಆಸೆ ಇದೆ, ಆದರೆ ಅದರ ಹತ್ತಿರ ನಿಲ್ಲಲು ಆಗುತ್ತಿಲ್ಲ. ಬೇಗ ಬೇಗ ದಾಟಿ ಗೆಲುವಿಗೆ ಓಡುತ್ತೀರಿ.

ಮುಹಮ್ಮದ್ ಅಲಿ ಭಾಗವನ್ನೇ ನೋಡಿ. 1971ರಲ್ಲಿ ಜೋ ಫ್ರೇಜಿಯರ್ ಕೈಲಿ ಸೋತದ್ದಕ್ಕೆ ಒಂದು ವಾಕ್ಯ. 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಅವರನ್ನು ಕೆಡವಿದ್ದಕ್ಕೆ ಮೂರು ಪ್ಯಾರಾ. ನಡುವೆ 1973ರ ಮಾರ್ಚ್‌ನಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದದ್ದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ದವಡೆ ಮುರಿದರೂ ಅಲಿ 12 ರೌಂಡ್ ಪೂರ್ತಿ ಸೆಣಸಿ, ಅಂಕದಲ್ಲಿ ಸೋತರು. ಸೆಪ್ಟೆಂಬರ್‌ನಲ್ಲಿ ಅದೇ ನಾರ್ಟನ್ ಎದುರು ಮತ್ತೆ ನಿಂತರು. ನಿಮ್ಮ ವಿಷಯ ಇರುವುದೇ ಆ ಆರು ತಿಂಗಳಲ್ಲಿ, ಅಲ್ವಾ? ಯಾವ ಗುದ್ದಿಗೆ ದವಡೆ ಹೋಯಿತು ಅಂತ ದೇಹಕ್ಕೆ ನೆನಪಿರುತ್ತದೆ. ಆ ಗುದ್ದು ಕೊಟ್ಟವನ ಮುಂದೆಯೇ ಮತ್ತೆ ಮುಖ ಒಡ್ಡಬೇಕು. ಅದನ್ನು ಬರೆಯಿರಿ.

'ನಿರ್ಭೀತ' ಅನ್ನುವ ಪದ ಹದಿನೇಳು ಸಲ ಬಂದಿದೆ. ಎಣಿಸಿದೆ. ಹದಿನೇಳನ್ನೂ ತೆಗೆಯಿರಿ, ಏನೂ ಕಡಿಮೆಯಾಗುವುದಿಲ್ಲ. ಅದರ ಬದಲು ಆರ್ಟುರೋ ಗಟ್ಟಿ ಮತ್ತು ಮಿಕಿ ವಾರ್ಡ್ ಅವರ ಮೊದಲ ಪಂದ್ಯದ ಒಂಬತ್ತನೇ ರೌಂಡ್ ಕೂತು ನೋಡಿ. 2002ರ ಮೇ 18. ನೀವು ಇದನ್ನು 'ಐತಿಹಾಸಿಕ ಕಾಳಗ' ಅಂತ ಕರೆದು ಮುಂದೆ ಹೋಗಿಬಿಟ್ಟಿದ್ದೀರಿ. ರೌಂಡ್ ಶುರುವಾದ ಸ್ವಲ್ಪ ಹೊತ್ತಿಗೇ ವಾರ್ಡ್ ಅವರ ಎಡಗೈ ಹುಕ್ ಗಟ್ಟಿಯ ಪಕ್ಕೆಗೆ, ಸರಿಯಾಗಿ ಲಿವರ್ ಮೇಲೆ ಬೀಳುತ್ತದೆ. ತಲೆಗೆ ಬಿದ್ದರೆ ಕಣ್ಣು ಕತ್ತಲಾಗಬಹುದು, ನೋವು ಗೊತ್ತಾಗದೆಯೂ ಇರಬಹುದು. ಲಿವರ್ ಏಟು ಹಾಗಲ್ಲ. ಎಚ್ಚರ ಪೂರ್ತಿ ಇರುತ್ತದೆ, ಕಾಲು ಮಾತ್ರ ಮಾತು ಕೇಳುವುದಿಲ್ಲ. ಗಟ್ಟಿ ಮಂಡಿಯೂರುತ್ತಾರೆ. ಮುಖ ಹಿಂಡಿದ ಹಾಗಾಗುತ್ತದೆ. ರೆಫರಿ ಒಂಬತ್ತು ಎಣಿಸುವಷ್ಟರಲ್ಲಿ ಹೇಗೋ ಏಳುತ್ತಾರೆ. ವಾರ್ಡ್ ಸುಮ್ಮನಿರುತ್ತಾರಾ? ಗುದ್ದುಗಳ ಮಳೆ. ಇನ್ನೇನು ಮುಗಿಯಿತು ಅನ್ನುವಾಗ ಗಟ್ಟಿ ತಿರುಗಿ ಹೊಡೆಯಲು ಶುರು ಮಾಡುತ್ತಾರೆ!

ನಾನು ಆ ರೌಂಡನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನನ್ನ ಕೈ ತಾನಾಗಿಯೇ ಪಕ್ಕೆ ಮುಚ್ಚಿಕೊಳ್ಳುತ್ತದೆ. ಓದುಗರಿಗೆ ಹಾಗಾಗಬೇಕು.

ಆ ಪಂದ್ಯ ಗಟ್ಟಿ ಸೋತರು, ಬಹಳ ಕಡಿಮೆ ಅಂತರದಲ್ಲಿ. ವಾರ್ಡ್ ಜೊತೆಗಿನ ಮುಂದಿನ ಎರಡು ಗೆದ್ದರು. ಆದರೆ ನನಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಇನ್ನೊಂದಿದೆ. 2007ರಲ್ಲಿ ಗಟ್ಟಿ ಕೊನೆಯ ಸಲ ರಿಂಗ್‌ಗೆ ಇಳಿದಾಗ ಅವರಿಗೆ ಕೋಚ್ ಆಗಿದ್ದವರು ಮಿಕಿ ವಾರ್ಡ್. ಆ ಪಂದ್ಯವನ್ನೂ ಗಟ್ಟಿ ಸೋತರು. ಇದು ನಿಮ್ಮ ಲೇಖನದಲ್ಲಿ ಬಂದಿಲ್ಲ. ಬರಲೇಬೇಕು.

ಇನ್ನೊಂದು ಗೊಂದಲ. ಪೀಟರ್ ಬಕ್ಲಿ ಅವರನ್ನೂ ಒರ್ಲಾಂಡೋ ಸಾಲಿಡೋ ಅವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೀರಿ. ಬಕ್ಲಿ 300 ಪಂದ್ಯ ಆಡಿ 256 ಸೋತರು. ಅದನ್ನು 'ಛಲ' ಅಂತ ಕರೆದಿದ್ದೀರಿ. ಅದು ಅವರ ಕಸುಬು. ಬೆಳೆಯುವ ಹುಡುಗರಿಗೆ ಅನುಭವ ಬೇಕು, ಅವರೆದುರು ನಿಲ್ಲಲು ಕೆಲಸ ಗೊತ್ತಿರುವ ಒಬ್ಬರು ಬೇಕು. ಪೆಟ್ಟು ತಪ್ಪಿಸಿಕೊಂಡು, ರೌಂಡ್ ಪೂರೈಸಿ, ಮುಂದಿನ ವಾರದ ಪಂದ್ಯಕ್ಕೂ ಮೈ ಉಳಿಸಿಕೊಳ್ಳುವುದು ದೊಡ್ಡ ವಿದ್ಯೆ. ಅದಕ್ಕೆ ಬೇರೆಯೇ ಲೇಖನ ಬೇಕು. ನೀವೇ ಬರೆಯಿರಿ, ನಾನು ಖಂಡಿತ ಓದುತ್ತೇನೆ.

ಸಾಲಿಡೋ ವಿಷಯವೇ ಬೇರೆ. ಅವರು ಮೊದಲ ವೃತ್ತಿಪರ ಪಂದ್ಯವನ್ನೇ ಸೋತವರು. 2014ರಲ್ಲಿ, ಆಗಲೇ 12 ಸೋಲು ಹೊತ್ತುಕೊಂಡು, ವಾಸಿಲ್ ಲೊಮಚೆಂಕೊ ಎದುರು ನಿಂತರು. ಲೊಮಚೆಂಕೊ ಎರಡು ಒಲಿಂಪಿಕ್ ಚಿನ್ನ ಗೆದ್ದವರು. ಸಾಲಿಡೋ ಗೆದ್ದರು. ಇಷ್ಟನ್ನು ಚೆನ್ನಾಗಿಯೇ ಬರೆದಿದ್ದೀರಿ. ಆದರೆ ಸಾಲಿಡೋ ತೂಕದ ಮಿತಿಗಿಂತ ಎರಡು ಪೌಂಡ್‌ಗೂ ಜಾಸ್ತಿ ಇದ್ದರು, ಅದಕ್ಕೇ ಪಂದ್ಯಕ್ಕೆ ಮೊದಲೇ ಪಟ್ಟ ಕಳೆದುಕೊಂಡರು. ಸೊಂಟದ ಕೆಳಗೂ ಸಾಕಷ್ಟು ಹೊಡೆದರು. ಇದನ್ನೆಲ್ಲ ಮುಚ್ಚಿಟ್ಟರೆ ಹೇಗೆ? ಗೊತ್ತಿರುವ ಓದುಗರು ಅಲ್ಲೇ ನಿಮ್ಮ ಮೇಲಿನ ನಂಬಿಕೆ ಬಿಡುತ್ತಾರೆ. ಹೇಳಿಬಿಡಿ. ಸಾಲಿಡೋ ಸಣ್ಣವರಾಗುವುದಿಲ್ಲ, ಮನುಷ್ಯರಾಗುತ್ತಾರೆ.

ಒಂದು ಕಡೆ ಮಾತ್ರ ನನಗೆ ನಿಜವಾಗಿ ಬೇಸರವಾಯಿತು. 1975ರಲ್ಲಿ ಅಲಿ ಮತ್ತು ಫ್ರೇಜಿಯರ್ ಮತ್ತೆ ಎದುರಾದ ಮನಿಲಾ ಪಂದ್ಯದ ಬಗ್ಗೆ 'ಹದಿನಾಲ್ಕನೇ ರೌಂಡ್ ನಂತರ ಫ್ರೇಜಿಯರ್ ಸೋಲೊಪ್ಪಿಕೊಂಡರು' ಅಂತ ಬರೆದಿದ್ದೀರಿ. ಅದು ತಪ್ಪು. ಫ್ರೇಜಿಯರ್ ಒಪ್ಪಿಕೊಳ್ಳಲಿಲ್ಲ. ಅವರ ಎಡಗಣ್ಣು ಮೊದಲಿಂದಲೂ ಮಂಜಾಗಿತ್ತು, ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಅಲಿಯ ಗುದ್ದು ಬರುವುದೇ ಕಾಣುತ್ತಿರಲಿಲ್ಲ. ಆದರೂ ಇನ್ನೊಂದು ರೌಂಡ್ ಬೇಕು ಅಂತ ಹಟ ಹಿಡಿದರು. ನಿಲ್ಲಿಸಿದವರು ಕೋಚ್ ಎಡ್ಡಿ ಫಚ್. ಶಿಷ್ಯನ ಮಾತು ಕೇಳಲಿಲ್ಲ. ಇಡೀ ಲೇಖನದಲ್ಲಿ ತಲೆಗೆ ಬೀಳುವ ಪೆಟ್ಟು ಮೆದುಳಿಗೆ ಏನು ಮಾಡುತ್ತದೆ ಅಂತ ಒಂದು ಮಾತೂ ಇಲ್ಲ. ಫಚ್ ಅವರನ್ನು ಒಳಗೆ ಕರೆತಂದರೆ ಆ ಮಾತಿಗೆ ತಾನಾಗಿಯೇ ಜಾಗ ಸಿಗುತ್ತದೆ. ಉಪದೇಶ ಬೇಕಾಗುವುದಿಲ್ಲ.

ಕೊನೆಗೂ ಗೆಲ್ಲದವರು ಯಾರೂ ನಿಮ್ಮ ಪಟ್ಟಿಯಲ್ಲಿ ಇಲ್ಲವಾ ಅಂತ ಹುಡುಕಿದೆ. ಇಬ್ಬರು ಸಿಕ್ಕರು, ಕೊನೆಯ ಪುಟದಲ್ಲಿ, ಅವಸರದಲ್ಲಿ. ಒಬ್ಬರು ಸತೀಶ್ ಕುಮಾರ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮುಖಕ್ಕೆ 13 ಹೊಲಿಗೆ ಹಾಕಿಸಿಕೊಂಡು ಉಜ್ಬೇಕಿಸ್ತಾನದ ಬಖೋದಿರ್ ಜಲೊಲೊವ್ ಎದುರು ಇಳಿದರು. ಜಲೊಲೊವ್ ಆಗ ವಿಶ್ವ ಚಾಂಪಿಯನ್. 5-0 ಸೋಲು. ಪದಕ ಇಲ್ಲ. ನೀವು ಇಲ್ಲೂ 'ಆದರೆ ಕೋಟ್ಯಂತರ ಹೃದಯ ಗೆದ್ದರು' ಅಂತ ಸೇರಿಸಿದ್ದೀರಿ. ಯಾಕೆ? ಸೋತರು. ಹೊಲಿಗೆ ಹಾಕಿದ ಮುಖ ಹೊತ್ತು ಹೋಗಿ, ಮೂರೂ ರೌಂಡ್ ನಿಂತು, ಸೋತರು. ಅಲ್ಲಿಗೆ ನಿಲ್ಲಿಸಿ.

ಇನ್ನೊಬ್ಬರು ಚಕ್ ವೆಪ್ನರ್. 1975ರಲ್ಲಿ ಅಲಿ ಎದುರು ಹದಿನೈದನೇ ರೌಂಡ್ ತನಕ ಬಂದು, ಮುಗಿಯಲು 19 ಸೆಕೆಂಡ್ ಇದ್ದಾಗ ಪಂದ್ಯ ನಿಂತಿತು. ಇಲ್ಲಿ ನೀವು ಬರೆದದ್ದು ಇದು: 'ಹಗ್ಗ ಹಿಡಿದು ಏಳಲು ನೋಡಿದರು. ಹಗ್ಗ ಸಿಕ್ಕಿತು, ಸಮಯ ಸಿಗಲಿಲ್ಲ.' ವಿಶೇಷಣ ಒಂದೂ ಇಲ್ಲ. ಇದನ್ನು ಓದಿದ ಮೇಲೇ ನಿಮಗೆ ಉತ್ತರ ಬರೆಯಬೇಕು ಅಂತ ಕೂತದ್ದು.

ಹತ್ತು ಜನ ಬೇಡ, ನಾಲ್ಕು ಜನ ಸಾಕು. ವೆಪ್ನರ್ ಅವರಿಂದ ಶುರು ಮಾಡಿ. ಆ ಎರಡು ವಾಕ್ಯಗಳನ್ನು ಮುಟ್ಟಬೇಡಿ. ಉಳಿದದ್ದನ್ನು ಹಳೆಯ ಪ್ರತಿ ಪಕ್ಕಕ್ಕಿಟ್ಟು ಹೊಸದಾಗಿ ಬರೆಯಿರಿ. ಅವಸರವಿಲ್ಲ. ಆದಾಗ ನೇರವಾಗಿ ನನಗೇ ಕಳಿಸಿ.