ಫೈಟರ್ ಪೈಲಟ್ ಆಗಬೇಕೆನ್ನುವ ಮಗಳಿಗೆ ಮೊದಲು ಅಳತೆ, ಆಮೇಲೆ ಕೋಚಿಂಗ್

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದಾಳೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ ಅವರಂತೆ ಯುದ್ಧವಿಮಾನ ಹಾರಿಸುತ್ತೇನೆ ಎನ್ನುತ್ತಾಳೆ. ಕೋಚಿಂಗ್‌ಗೆ ಸೇರಿಸುವ ಮೊದಲು ಏನು ನೋಡಬೇಕು?
— ಓದುಗರು, ಕಡೂರು

ಉತ್ತರ: ಶುಲ್ಕ ಕಟ್ಟುವ ಮೊದಲು ಟೇಪ್ ಹಿಡಿದು ಅಳೆಯಿರಿ. ಬರಿಗಾಲಲ್ಲಿ ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು. ಗೋಡೆಗೆ ಬೆನ್ನು ತಾಗಿಸಿ ನೆಟ್ಟಗೆ ಕೂರಿಸಿದರೆ ಕೂತ ಜಾಗದಿಂದ ನೆತ್ತಿಯವರೆಗೆ 81.5ರಿಂದ 96 ಸೆಂ.ಮೀ., ಕಾಲು ಚಾಚಿಸಿದರೆ ಗೋಡೆಯಿಂದ ಹಿಮ್ಮಡಿಗೆ 99ರಿಂದ 120 ಸೆಂ.ಮೀ. ಬರಬೇಕು. ಮಂಡಿ ಮಡಚಿ ಕೂತಾಗ ಗೋಡೆಯಿಂದ ಮಂಡಿಯ ತುದಿಗೆ 64 ಸೆಂ.ಮೀ. ಮೀರಬಾರದು. ಕಾಲು ಗಿಡ್ಡವಾದರೆ ವಿಮಾನದ ಮೂತಿ ತಿರುಗಿಸುವ ರಡ್ಡರ್ ಪೆಡಲ್ ಪೂರ್ತಿ ಒತ್ತಲಾಗದು. ತೊಡೆ ಉದ್ದವಾದರೆ, ಆಪತ್ತಿನಲ್ಲಿ ಸೀಟಿನ ಸಮೇತ ಹೊರಗೆ ಚಿಮ್ಮುವಾಗ ಮಂಡಿ ಎದುರಿನ ಪ್ಯಾನೆಲ್‌ಗೆ ಬಡಿಯುತ್ತದೆ. ಹಾಗಾಗಿ ಇಲ್ಲಿ ರಿಯಾಯಿತಿ ಕೇಳಿ ಫಲವಿಲ್ಲ.

ಆಮೇಲೆ ಕಣ್ಣು. ದೂರದ್ದು ಮಸುಕಾಗಿ ಮೈನಸ್ ಕನ್ನಡಕ ಬಂದಿದ್ದರೆ ಪೈಲಟ್ ಹುದ್ದೆಗೆ ಆಗದು. ಬಣ್ಣ ಗುರುತಿಸುವುದನ್ನೂ ನೇತ್ರತಜ್ಞರಲ್ಲಿ ಪರೀಕ್ಷೆ ಮಾಡಿಸಿ. ಲೇಸರ್ ಮಾಡಿಸಿಬಿಡೋಣ ಎಂದು ಈಗಲೇ ಅವಸರ ಪಟ್ಟೀರಿ, ಬೇಡ. ಪಿಯುಸಿ ನಂತರ ಸೇರುವ ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಲೇಸಿಕ್ ಎಂಬ ಲೇಸರ್ ಶಸ್ತ್ರಚಿಕಿತ್ಸೆ ಆದವರನ್ನು ತೆಗೆದುಕೊಳ್ಳುವುದಿಲ್ಲ. ಡಿಗ್ರಿ ನಂತರದ ಎಎಫ್‌ಕ್ಯಾಟ್ (ವಾಯುಪಡೆಯ ಪ್ರವೇಶ ಪರೀಕ್ಷೆ) ದಾರಿಯಲ್ಲಿ ಅವಕಾಶವುಂಟು, ಆದರೆ 20 ವರ್ಷಕ್ಕೆ ಮುನ್ನ ಮಾಡಿಸಿರಬಾರದು ಮತ್ತು ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದಿರಬೇಕು.

ಪ್ರಶ್ನೆ: ಎನ್‌ಡಿಎ ಬರೆಯಲೇ, ಡಿಗ್ರಿ ಮುಗಿಸಲೇ?
— ವಿದ್ಯಾರ್ಥಿನಿ, ಹಾವೇರಿ

ಉತ್ತರ: ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇದ್ದರೆ ಎರಡಕ್ಕೂ ಸಿದ್ಧರಾಗಿ. ಸುಪ್ರೀಂ ಕೋರ್ಟ್ 2021ರಲ್ಲಿ ಹುಡುಗಿಯರಿಗೂ ಎನ್‌ಡಿಎ ಬಾಗಿಲು ತೆರೆಸಿತು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇರಬೇಕು. ಎಎಫ್‌ಕ್ಯಾಟ್‌ಗೆ 20ರಿಂದ 24 ವರ್ಷ, ಡಿಗ್ರಿಯಲ್ಲಿ ಶೇ 60, ಪಿಯುಸಿಯ ಗಣಿತ ಮತ್ತು ಭೌತಶಾಸ್ತ್ರದಲ್ಲಿ ತಲಾ ಶೇ 50 ಬೇಕು. ವೈದ್ಯಕೀಯ ಸೀಟಿನ ಆಸೆಗೆ ಗಣಿತ ಬಿಟ್ಟವರು ಇಲ್ಲಿ ತಡೆಯಲ್ಪಡುತ್ತಾರೆ. ಎಎಫ್‌ಕ್ಯಾಟ್‌ನಲ್ಲಿ ಪ್ರಶ್ನೆ 100, ಅಂಕ 300, ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ.

ನಿಜವಾದ ಕಠಿಣ ಘಟ್ಟ ಇರುವುದು ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಪರೀಕ್ಷೆಯಲ್ಲಿ. ಜೀವನದಲ್ಲಿ ಒಂದೇ ಸಲ. ತಪ್ಪಿದರೆ ಹಾರಾಟ ಶಾಖೆ ಮುಗಿಯಿತು. ಡಯಲ್‌ಗಳನ್ನು ನೋಡಿ ವಿಮಾನದ ಎತ್ತರ, ದಿಕ್ಕು, ವಾಲುವಿಕೆ ಹೇಳಬೇಕು. ಕೈಯಲ್ಲಿ ಜಾಯ್‌ಸ್ಟಿಕ್, ಕಾಲಲ್ಲಿ ಪೆಡಲ್ ಆಡಿಸುತ್ತ ಪರದೆಯ ಗುರುತನ್ನು ಹಿಡಿದಿಡಬೇಕು. ಹೆಚ್ಚಿನವರು ಎಡವುವುದು ಒಂದೇ ಗುರುತಿಗೆ ಕಣ್ಣು ನೆಟ್ಟು ಉಳಿದದ್ದನ್ನು ಮರೆತು, ಅಥವಾ ಗಾಬರಿಯಲ್ಲಿ ಕೋಲನ್ನು ಜೋರಾಗಿ ಎಳೆದು. ಸಣ್ಣ ಸಣ್ಣ ಚಲನೆ, ಆಗಾಗ ತಿದ್ದುಪಡಿ: ಇಷ್ಟೇ ಗುಟ್ಟು. ಎತ್ತರ ತೋರಿಸುವ ಆಲ್ಟಿಮೀಟರ್‌ನ ಮುಳ್ಳುಗಳನ್ನು ಓದುವುದು ಮನೆಯಲ್ಲೇ ಕಲಿಯಬಹುದು. ಹಿಂದಿನ ರಾತ್ರಿ ನಿದ್ದೆಗೆಡಬೇಡಿ.

ಪ್ರಶ್ನೆ: ವಿಮಾನ ತೀವ್ರವಾಗಿ ತಿರುಗುವಾಗ ಮೈಮೇಲೆ ಬೀಳುವ ಒತ್ತಡವನ್ನು, ಅಂದರೆ ಜಿ ಬಲವನ್ನು, ಹೆಣ್ಣಿನ ದೇಹ ತಾಳದು ಎನ್ನುತ್ತಾರೆ. ನಿಜವೇ?
— ಓದುಗರು, ಬೀದರ್

ಉತ್ತರ: ಸುಳ್ಳು. ನಿಮ್ಮ ಊರಿನ ವಾಯುನೆಲೆಯಲ್ಲೇ ಹಾಕ್ ತರಬೇತಿ ಜೆಟ್ ಹಾರಿಸಿ ಹೋದ ಅವನಿ ಚತುರ್ವೇದಿ 2018ರ ಫೆಬ್ರುವರಿ 19ರಂದು ಜಾಮ್‌ನಗರದಲ್ಲಿ ಮಿಗ್–21 ಬೈಸನ್ ಯುದ್ಧವಿಮಾನವನ್ನು ಒಬ್ಬರೇ ಹಾರಿಸಿದರು. ತೀವ್ರ ತಿರುವಿನಲ್ಲಿ ರಕ್ತ ಕಾಲಿನತ್ತ ಜಗ್ಗಿ, ಮಿದುಳಿಗೆ ಕಡಿಮೆಯಾಗಿ ಮೊದಲು ಕಣ್ಣು ಮಂಜಾಗುತ್ತದೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಇದು ಗಂಡಿಗೂ ಹಾಗೆಯೇ. ತಡೆಯುವ ಉಪಾಯವೂ ಇಬ್ಬರಿಗೂ ಒಂದೇ: ತಿರುವಿಗೆ ಮೊದಲೇ ತೊಡೆ, ಪೃಷ್ಠ, ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ, ಸುಮಾರು ಮೂರು ಸೆಕೆಂಡಿಗೊಮ್ಮೆ ಚಟ್ಟನೆ ಬಿಟ್ಟು ಎಳೆದುಕೊಳ್ಳುವುದು. ಮೈಗೆ ಸರಿಹೊಂದದ ಜಿ–ಸೂಟ್ (ಕಾಲು, ಹೊಟ್ಟೆ ಒತ್ತಿಹಿಡಿದು ರಕ್ತ ಕೆಳಗೆ ಜಗ್ಗದಂತೆ ತಡೆಯುವ ಉಡುಪು), ನೀರು ಕುಡಿಯದೆ ಖಾಲಿ ಹೊಟ್ಟೆಯಲ್ಲಿ ಹತ್ತುವುದು, ನಿದ್ದೆಗೇಡು: ತಾಳಿಕೆ ತಗ್ಗಿಸುವವು ಇವು. ಬರಿ ಓಟ ಸಾಲದು, ಬಸ್ಕಿ ಹೊಡೆದು ತೊಡೆ ಗಟ್ಟಿಮಾಡಿಕೊಳ್ಳಿ.