ಪ್ರಬಂಧ ಬರೆದದ್ದು ಮಗುವೋ, ಎಐಯೋ?

ಪ್ರಶ್ನೆ: ಮಂಡ್ಯದ ಹತ್ತಿರ ಪ್ರೌಢಶಾಲೆ ಶಿಕ್ಷಕಿ ನಾನು. ಒಂಬತ್ತನೇ ತರಗತಿಯವರು ಪ್ರಬಂಧವನ್ನು ಚಾಟ್‌ಜಿಪಿಟಿಯಲ್ಲಿ ಬರೆಸಿ ತರುತ್ತಾರೆ. ಪೂರ್ತಿ ನಿಷೇಧಿಸಲೇ?

ಉತ್ತರ: ನಿಷೇಧಿಸಿದರೆ ಕದ್ದು ಬಳಸುತ್ತಾರೆ, ಅಷ್ಟೇ ಅಲ್ವಾ? ಮೊದಲು ಅದರ ಒಳಗುಟ್ಟು ಹೇಳಿಕೊಡಿ. ತಾನು ಕಲಿತ ಅಪಾರ ಬರಹದ ಆಧಾರದಲ್ಲಿ ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕುತ್ತಾ ಹೋಗುವ ಯಂತ್ರ ಅದು, ಹಾಗಾಗಿ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಇಂಟರ್‌ನೆಟ್ಟಿನಲ್ಲಿ ಕನ್ನಡ ಬರಹ ಇಂಗ್ಲಿಷಿಗಿಂತ ತೀರಾ ಕಡಿಮೆ. ನಮ್ಮೂರಿನ ವಿಷಯಕ್ಕೆ ಬಂದರೆ ಎಡವುವುದು ಜಾಸ್ತಿ.

ಒಂದು ಕೆಲಸ ಮಾಡಿ. ಕೆಆರ್‌ಎಸ್ ಬಗ್ಗೆ, ವಿಶ್ವೇಶ್ವರಯ್ಯ ನಾಲೆ ಬಗ್ಗೆ ತರಗತಿಯಲ್ಲೇ ಅದನ್ನು ಕೇಳಿ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಅಂತ ಮಂಡ್ಯದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ! ಉತ್ತರದಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಅವರೇ ಹುಡುಕಲಿ, ಮನೆಯಲ್ಲಿ ಅಜ್ಜನನ್ನೂ ಕೇಳಿ ಬರಲಿ. ನನಗೆ ಇದೇ ನಿಜವಾದ ಪಾಠ ಅನ್ನಿಸುತ್ತದೆ.

ಚಿಕ್ಕವರ ಕೈಗೆ ಮಾತ್ರ ಬೇಡ. ತರಗತಿಯಲ್ಲಿ ಇದನ್ನು ಬಳಸಲು ಕನಿಷ್ಠ 13 ವರ್ಷ ಆಗಿರಬೇಕು ಅಂತ ಯುನೆಸ್ಕೋ 2023ರಲ್ಲೇ ಸಲಹೆ ಕೊಟ್ಟಿದೆ. ಅಂಕ ಕೊಡುವ ಮುಂಚೆ ಎರಡು ನಿಮಿಷ ಮಗುವಿನ ಬಾಯಲ್ಲೇ ಪ್ರಬಂಧದ ವಿಷಯ ಕೇಳಿ, ಯಾರು ಬರೆದದ್ದು ಅಂತ ಗೊತ್ತಾಗುತ್ತದೆ.